ಗಾಡಿ ಎಣಿಸುವವರು ಎಲ್ಲಿ ನಿಲ್ಲಬೇಕು

ಮಂಡ್ಯ ಪೇಟೆಯೊಳಗೆ ಹಾದುಹೋಗುವ ಹಳೆಯ ಬೆಂಗಳೂರು–ಮೈಸೂರು ರಸ್ತೆಯ ಒಂದು ಸರ್ಕಲ್‌ನಲ್ಲಿ ಮೂರು ಸಂಜೆ ಕೂತು ಗಾಡಿ ಎಣಿಸಿದ್ದೆ. ನಾನು ಮೈಸೂರಿನ ಸಣ್ಣದೊಂದು ಕನ್ಸಲ್ಟೆನ್ಸಿಯಲ್ಲಿ ಟ್ರಾಫಿಕ್ ಎಂಜಿನಿಯರ್. ಸಿಗ್ನಲ್‌ನಲ್ಲಿ ಗಾಡಿಗಳು ನಿಲ್ಲುವ ಗೆರೆಯ, ಅಂದರೆ ಸ್ಟಾಪ್ ಲೈನ್‌ನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಬೈಕು, ಆಟೊ, ಕಾರು, ಬಸ್ಸು, ಲಾರಿ, ಟ್ರ್ಯಾಕ್ಟರ್ ಎಂದು ಗೆರೆ ಎಳೆಯುತ್ತಾ ಹೋಗಬೇಕು, ಕಾಲು ಗಂಟೆಗೊಂದು ಹಾಳೆ ಬದಲಿಸಬೇಕು. ಆ ಸರ್ಕಲ್‌ಗೆ ಫ್ಲೈಓವರ್ ಬೇಕೆಂದು ಬಹಳ ಜನ ಕೇಳುತ್ತಿದ್ದರು. ನಮ್ಮ ಎಣಿಕೆ ಅದಕ್ಕೆ ಮೊದಲ ಹೆಜ್ಜೆ.

ಹಾಳೆಗಳನ್ನು ಕೂಡಿಸಿ ನೋಡಿದರೆ ಸಂಜೆ ಐದರಿಂದ ಏಳರವರೆಗೆ ಪ್ರತಿ ಕಾಲು ಗಂಟೆಯ ಮೊತ್ತವೂ ಹೆಚ್ಚುಕಮ್ಮಿ ಒಂದೇ ಬಂತು. ‘ಇಲ್ಲಿ ಪೀಕ್ ಅವರ್ ಎಂದು ಬೇರೆಯಾಗಿ ಏನೂ ಕಾಣುವುದಿಲ್ಲ’ ಎಂದು ವರದಿಯಲ್ಲಿ ಬರೆದೆ. ನಮ್ಮ ಸೀನಿಯರ್ ಸರ್ ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು: “ನೀವು ಎಣಿಸಿದ್ದು ಬಂದವರನ್ನೋ, ದಾಟಿದವರನ್ನೋ?”

ನನಗೆ ಕೂಡಲೇ ಹೊಳೆಯಲಿಲ್ಲ. ಬಸ್ಸಿನಲ್ಲಿ ಮನೆಗೆ ಹೋಗುವಾಗ ನಮ್ಮೂರಿನ ಬೀದಿ ನಲ್ಲಿ ನೆನಪಾಯಿತು. ನಲ್ಲಿ ಪೂರ್ತಿ ತಿರುಗಿಸಿದ ಮೇಲೆ ಒಂದು ಬಿಂದಿಗೆ ತುಂಬಲು ಅಷ್ಟೇ ಹೊತ್ತು ಹಿಡಿಯುತ್ತದೆ. ಹಿಂದೆ ಐದು ಬಿಂದಿಗೆ ಕಾಯುತ್ತಿದ್ದರೂ ಅಷ್ಟೇ, ಐವತ್ತು ಕಾಯುತ್ತಿದ್ದರೂ ಅಷ್ಟೇ. ನಾನು ಮೂರು ದಿನ ನಲ್ಲಿಯ ಬಾಯಿ ನೋಡಿಕೊಂಡು ಕೂತು, ಊರಿಗೆ ಎಷ್ಟು ನೀರು ಬೇಕೆಂದು ಬರೆದುಕೊಟ್ಟಿದ್ದೆ. ಹಾಗೇ ಬಿಟ್ಟಿದ್ದರೆ ಆ ತಪ್ಪು ಲೆಕ್ಕದ ಮೇಲೆಯೇ ಸಿಗ್ನಲ್ಲಿನ ಸಮಯವೂ ಫ್ಲೈಓವರ್ ನಕ್ಷೆಯೂ ತಯಾರಾಗುತ್ತಿದ್ದವು.

ಮಾರನೆಯ ಸಂಜೆ ಸ್ಟಾಪ್ ಲೈನ್ ಬಿಟ್ಟು ಸಾಲಿನ ಬಾಲ ಹುಡುಕಿಕೊಂಡು ಹಿಂದಕ್ಕೆ ನಡೆದೆ. ಬಾಲ ಒಂದು ಕಬ್ಬಿನ ಹಾಲಿನ ಗಾಡಿಯ ಹತ್ತಿರ ಸಿಕ್ಕಿತು. ನನ್ನ ಕೈಯಲ್ಲಿದ್ದ ಹಾಳೆ ನೋಡಿ ಅದರ ಯಜಮಾನರು ತಾವಾಗಿಯೇ ಹೇಳಿದರು: “ಐದೂಕಾಲ್ಗೆ ನನ್ನ ಗಾಡಿ ತಾವ ಬತ್ತದೆ ಕಣವ್ವ. ಆರ್ ಗಂಟ್ಗೆ ಆ ಪೆಟ್ರೋಲ್ ಬಂಕ್ ದಾಟ್ತದೆ. ಕಾಲೇಜ್ ರಜ ಇದ್ರೆ ಇಲ್ಗಂಟ ಬರಾಕಿಲ್ಲ.” ನನ್ನ ಹಾಳೆಗಳಲ್ಲಿ ಕಾಣದ ಪೀಕ್ ಅವರ್ ಅವರಿಗೆ ನಿಮಿಷದ ಲೆಕ್ಕದಲ್ಲಿ ಗೊತ್ತಿತ್ತು.

ಬಾಲದಲ್ಲಿ ನಿಂತು ನೋಡಿದಾಗ ಇನ್ನೊಂದು ಸಂಗತಿಯೂ ಕಂಡಿತು. ಅಲ್ಲಿ ರಸ್ತೆ ಧಾರಾಳವಾಗಿ ಅಗಲವಿದೆ, ಹರಿವಿಗೆ ಯಾವ ಅಡ್ಡಿಯೂ ಇಲ್ಲ. ಕಟ್ಟಿಕೊಳ್ಳುವುದು ಸರ್ಕಲ್‌ನ ಬಾಯಲ್ಲಿ ಮಾತ್ರ. ಲೆಕ್ಕವನ್ನು ಬಿಡಿಸಿಯೇ ಹೇಳುತ್ತೇನೆ, ಯಾಕೆಂದರೆ ನನ್ನ ಅಭಿಪ್ರಾಯ ಬದಲಾದದ್ದು ಈ ಲೆಕ್ಕದಿಂದ. ಹಸಿರು ಬಿದ್ದಾಗ ಒಂದು ಲೇನ್‌ನಿಂದ ಸುಮಾರು ಎರಡು ಸೆಕೆಂಡಿಗೊಂದು ಕಾರು ಹೊರಡುತ್ತದೆ. ತಡೆಯೇ ಇಲ್ಲದಿದ್ದರೆ ಗಂಟೆಗೆ 1,800. ಆದರೆ ಆ ಸಿಗ್ನಲ್‌ನಲ್ಲಿ ನಾಲ್ಕು ದಿಕ್ಕನ್ನೂ ಒಂದಾದ ಮೇಲೊಂದು ಬಿಡುತ್ತಿದ್ದರು, ಒಂದು ಸುತ್ತು 120 ಸೆಕೆಂಡು. ಪ್ರತಿ ದಿಕ್ಕು ಬದಲಾಗುವಾಗ ಹಳದಿಗೂ ಹೊರಡುವ ತಡಕ್ಕೂ 4 ಸೆಕೆಂಡು ಹೋಗುತ್ತದೆ ಎಂದಿಟ್ಟುಕೊಂಡರೆ ನಾಲ್ಕು ದಿಕ್ಕಿಗೆ 16. ಉಳಿದ 104 ಸೆಕೆಂಡನ್ನು ಹಂಚಿದರೆ ತಲಾ 26. ಒಂದು ಹಸಿರಿಗೆ ಹದಿಮೂರು ಕಾರು, ಗಂಟೆಗೆ ಮೂವತ್ತು ಸುತ್ತು, ಅಂದರೆ ಲೇನ್‌ಗೆ 390. ಹಿಂದಿನ ರಸ್ತೆಯನ್ನು ಎಷ್ಟೇ ಅಗಲ ಮಾಡಿ, ಬಾಯಿ ಇಷ್ಟನ್ನೇ ನುಂಗುತ್ತದೆ.

ಈಗ ಬಲಕ್ಕೆ ತಿರುಗುವುದನ್ನು ಸರ್ಕಲ್‌ನಿಂದ ಹೊರಗೆ ಹಾಕೋಣ. ಬಲಕ್ಕೆ ಹೋಗುವವರು ನೇರ ದಾಟಿ, ಸ್ವಲ್ಪ ಮುಂದೆ ಯು-ಟರ್ನ್ ಮಾಡಿ ವಾಪಸ್ ಬಂದು ಎಡಕ್ಕೆ ತಿರುಗುತ್ತಾರೆ. ಆಗ ಎದುರುಬದುರು ದಿಕ್ಕುಗಳನ್ನು ಒಟ್ಟಿಗೇ ಬಿಡಬಹುದು, ನಾಲ್ಕು ಸರದಿ ಎರಡಾಗುತ್ತದೆ. ಸುತ್ತನ್ನು 80 ಸೆಕೆಂಡಿಗೆ ಇಳಿಸಿದರೂ ತಲಾ 36 ಸೆಕೆಂಡು ಹಸಿರು ಸಿಗುತ್ತದೆ. ಒಂದು ಹಸಿರಿಗೆ ಹದಿನೆಂಟು ಕಾರು, ಗಂಟೆಗೆ 45 ಸುತ್ತು, ಲೇನ್‌ಗೆ 810. ಅದೇ ಡಾಂಬರು, ಅದೇ ಅಗಲ, ಎರಡು ಪಟ್ಟಿಗೂ ಹೆಚ್ಚು ಗಾಡಿ. ಇದರಲ್ಲಿ ಯು-ಟರ್ನ್ ಮಾಡಿ ಬಂದವರು ಸರ್ಕಲ್ಲನ್ನು ಎರಡು ಸಲ ಮುಟ್ಟುತ್ತಾರೆ, ಆದ್ದರಿಂದ ಲಾಭ ಸ್ವಲ್ಪ ಸೋರುತ್ತದೆ. ಬಲಕ್ಕೆ ಹೋಗುವವರೇ ಬಹಳ ಇರುವ ಕಡೆ ಈ ದಾರಿ ಹಿಡಿಯಬಾರದು. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 1960ರ ದಶಕದಿಂದ ಇದನ್ನೇ ಮಾಡುತ್ತಾ ಬಂದಿದ್ದಾರೆ. ಅವರು ಬಲಬದಿಯಲ್ಲಿ ಓಡಿಸುವುದರಿಂದ ಅಲ್ಲಿ ಹೊರಗೆ ಹಾಕಿದ್ದು ಎಡ ತಿರುವನ್ನು.

“ನಮ್ಮ ಮೈಸೂರಿನ ಹಾಗೆ ದುಂಡನೆ ಸರ್ಕಲ್ ಕಟ್ಟಿಬಿಟ್ಟರೆ ಆಗಲ್ವಾ?” ಅಂತ ಆಫೀಸಿನಲ್ಲಿ ಕೇಳಿದರು. ಹಾರ್ಡಿಂಜ್ ಸರ್ಕಲ್ ಸುತ್ತಿ ಬೆಳೆದವಳಾದ್ದರಿಂದ ನನಗೂ ಆಸೆ ಇತ್ತು. ನಾಲ್ಕು ರಸ್ತೆ ಸೇರುವ ಸಾದಾ ಚೌಕದಲ್ಲಿ ಗಾಡಿಗಳ ದಾರಿ ಒಂದಕ್ಕೊಂದು ಎದುರಾಗುವ ಜಾಗಗಳು 32, ಒಂದೇ ಲೇನ್‌ನ ದುಂಡು ಸರ್ಕಲ್‌ನಲ್ಲಿ 8. ಅಪಘಾತ ತಗ್ಗಿಸಲು ಅದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಆದರೆ ಒಳಗೆ ಸುತ್ತುತ್ತಿರುವವರಿಗೆ ಹೊರಗಿನವರು ದಾರಿ ಬಿಡಲೇಬೇಕು. 2017ರ ಚಾಲನಾ ನಿಯಮಾವಳಿಯೂ ಹಾಗೇ ಹೇಳುತ್ತದೆ. ಸಂಜೆ ಆರು ಗಂಟೆಗೆ ಯಾರೂ ಬಿಡದೆ ನುಗ್ಗಿದರೆ ಇಡೀ ಸುತ್ತು ಬೀಗ ಬಿದ್ದ ಹಾಗಾಗುತ್ತದೆ. ಇಲ್ಲಿ ಅದಕ್ಕೆ ಜಾಗವೂ ಸಾಲದು.

ಇನ್ನು ಫ್ಲೈಓವರ್. ಅದು ಒಂದು ರಸ್ತೆಯಲ್ಲಿ ನೇರ ಹೋಗುವವರನ್ನು ಮಾತ್ರ ಎತ್ತಿ ದಾಟಿಸುತ್ತದೆ. ಮಂಡ್ಯದಲ್ಲಿ ಹಾಗೆ ನೇರ ಹೋಗುವವರು ಯಾರು? 2023ರ ಮಾರ್ಚ್ 12ರಂದು ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾದ 118 ಕಿಲೋಮೀಟರ್ ಹೆದ್ದಾರಿ ಊರನ್ನು ಬಳಸಿಕೊಂಡು ಹೋಗುತ್ತದೆ. ಬೆಂಗಳೂರು–ಮೈಸೂರು ಕಾರುಗಳು ಅಲ್ಲಿಗೆ ಹೋದವು. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ಅದರ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ. ಊರೊಳಗೆ ಉಳಿದದ್ದು ಊರಿನವರೇ: ಮಗಳನ್ನು ಕಾಲೇಜಿಗೆ ಬಿಡಲು ಬಂದವರು, ಸಂತೆಗೆ ಬಂದವರು, ಕಬ್ಬು ಹೊತ್ತ ಟ್ರ್ಯಾಕ್ಟರ್‌ಗಳು. ಅವರಿಗೆ ಬೇಕಾದದ್ದು ತಿರುವು. ಕಂಬಗಳು ಬಂದರೆ ಆ ತಿರುವಿನ ಜಾಗವೇ ಕಿರಿದಾಗುತ್ತದೆ. ಮೈಸೂರಿನವರಿಗೆ ಇದನ್ನು ಹೆಚ್ಚು ಹೇಳಬೇಕಿಲ್ಲ. ಅಷ್ಟು ವೇಗದ ಹೆದ್ದಾರಿ ಕೊನೆಗೆ ಬಂದು ನಿಲ್ಲುವುದು ರಿಂಗ್ ರಸ್ತೆಯ ಸಿಗ್ನಲ್‌ನಲ್ಲಿ, ಅಲ್ಲಿನ ಆಸ್ಪತ್ರೆಯ ಹೆಸರು ಬದಲಾದರೂ ನಾವಿನ್ನೂ ಕೊಲಂಬಿಯಾ ಏಷಿಯಾ ಜಂಕ್ಷನ್ ಎಂದೇ ಕರೆಯುವ ಜಾಗದಲ್ಲಿ.

ರಸ್ತೆಯನ್ನೇ ಅಗಲ ಮಾಡಿದರೂ ಬಹಳ ದಿನ ಬಾಳುವುದಿಲ್ಲ. ಅಮೆರಿಕದ ಹೂಸ್ಟನ್ ನಗರದ ಕೇಟಿ ಫ್ರೀವೇ ಎಂಬ ಹೆದ್ದಾರಿಯನ್ನು 2008ರಲ್ಲಿ ಕೆಲವೆಡೆ 26 ಲೇನ್‌ವರೆಗೆ ಅಗಲಿಸಿದರು. ಕೆಲವೇ ವರ್ಷಗಳಲ್ಲಿ ಪೀಕ್ ಅವರ್‌ನ ಪ್ರಯಾಣದ ಸಮಯ ಮತ್ತೆ ಏರಿತು. ಅಮೆರಿಕದ ನಗರಗಳಲ್ಲಿ ಹೆದ್ದಾರಿ ಹೆಚ್ಚಿದಷ್ಟೇ ಪ್ರಮಾಣದಲ್ಲಿ ಓಡಾಟವೂ ಹೆಚ್ಚುತ್ತದೆಂದು ಡುರಾಂಟನ್ ಮತ್ತು ಟರ್ನರ್ ಎಂಬ ಅರ್ಥಶಾಸ್ತ್ರಜ್ಞರು 2011ರಲ್ಲಿ ತೋರಿಸಿದ್ದಾರೆ.

ಪೊಲೀಸರ ಒಪ್ಪಿಗೆ ಪಡೆದು ಬ್ಯಾರಿಕೇಡು, ಮರಳು ಮೂಟೆ ಇಟ್ಟು ಎರಡು ವಾರ ಪ್ರಯೋಗ ಮಾಡಿದೆವು. ಬಸ್ ಸ್ಟಾಪನ್ನು ಸಿಗ್ನಲ್‌ನ ಈಚೆಯಿಂದ ಆಚೆಗೆ ಸರಿಸಿದೆವು. ಅಲ್ಲಿವರೆಗೆ ಹಸಿರು ಇದ್ದಾಗಲೇ ಬಸ್ಸು ನಿಂತು ಜನ ಹತ್ತಿಸಿಕೊಂಡು, ಒಂದು ಲೇನ್ ಸುಮ್ಮನೆ ಹಾಳಾಗುತ್ತಿತ್ತು. ಬಲ ತಿರುವು ಮುಚ್ಚಿದೆವು.

ಮೊದಲ ಸಂಜೆಯೇ ನನ್ನ ಎರಡನೆಯ ತಪ್ಪು ಹೊರಬಿತ್ತು. ಯು-ಟರ್ನ್ ಜಾಗಕ್ಕೆ ನಕ್ಷೆಯಲ್ಲಿ ಕಾರು ತಿರುಗಿಸಿ ನೋಡಿದ್ದೆ, ಬಸ್ಸು ತಿರುಗಿಸಿ ನೋಡಿದ್ದೆ. ಎರಡು ಟ್ರೈಲರ್ ಕಬ್ಬು ಎಳೆದುಕೊಂಡು ಬಂದ ಟ್ರ್ಯಾಕ್ಟರ್ ಅರ್ಧ ತಿರುಗಿ ಎರಡೂ ಬದಿಗೆ ಅಡ್ಡಲಾಗಿ ನಿಂತಿತು. ಹಿಂದಿನ ಟ್ರೈಲರ್‌ನ ಕೊಂಡಿ ಕಳಚಿ, ಹತ್ತು ಜನ ತಳ್ಳಿ ದಾರಿ ಬಿಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ಚಾಲಕ ಹುಡುಗ ಬೈಯಲಿಲ್ಲ. “ಇದು ಬಸ್ಸಲ್ಲ ಕಣಕ್ಕ, ಹಿಂದಿನ್ ಟ್ರೈಲರ್ ಮುಂದಿನ್ದುರ್ ಮಾತ್ ಕೇಳಾಕಿಲ್ಲ” ಅಂದ. ಮಂಡ್ಯದಲ್ಲಿ ಕೂತು ಕಬ್ಬಿನ ಗಾಡಿ ಮರೆತಿದ್ದೆನಲ್ಲ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನದಿಂದ ಟ್ರ್ಯಾಕ್ಟರ್‌ಗಳನ್ನು ಮಾತ್ರ ಹೆಡ್ ಕಾನ್‌ಸ್ಟೇಬಲ್ ಕೈ ತೋರಿಸಿ ಸರ್ಕಲ್‌ನಲ್ಲೇ ಬಲಕ್ಕೆ ಬಿಟ್ಟರು. ಶಾಶ್ವತ ನಕ್ಷೆಯಲ್ಲಿ ಯು-ಟರ್ನ್ ಎದುರಿನ ಅಂಚನ್ನು ಹೊಟ್ಟೆಯಂತೆ ಹೊರಗೆ ಉಬ್ಬಿಸಿದ್ದೇವೆ. ಅದೇ ಹುಡುಗನನ್ನು ಖಾಲಿ ಮೈದಾನಕ್ಕೆ ಕರೆಸಿ, ಸುಣ್ಣದ ಗೆರೆಯ ಮೇಲೆ ಟ್ರ್ಯಾಕ್ಟರ್ ತಿರುಗಿಸಿ ಅಳತೆ ತೆಗೆದುಕೊಂಡೆ.

ಎರಡನೆಯ ವಾರ ಬಾಲ ಪೆಟ್ರೋಲ್ ಬಂಕ್ ಮುಟ್ಟಲಿಲ್ಲ. ಕಬ್ಬಿನ ಹಾಲಿನ ಗಾಡಿಯವರೆಗೆ ಬಂದದ್ದು ಒಂದೇ ಸಂಜೆ, ಮಳೆ ಬಂದ ದಿನ.

ನಡೆದು ದಾಟುವವರದ್ದು ಇನ್ನೂ ಬಾಕಿ ಇದೆ. ಸುತ್ತು ಚಿಕ್ಕದಾದ್ದರಿಂದ ಅವರು ಕಾಯುವುದು ಕಡಿಮೆಯಾಗಿದೆ, ಆದರೆ ಕೋಲು ಹಿಡಿದ ಅಜ್ಜಿಗೆ ಒಂದೇ ಉಸಿರಿಗೆ ಅಷ್ಟಗಲ ದಾಟಲಾಗುವುದಿಲ್ಲ. ನಡುವಿನ ಡಿವೈಡರ್‌ನಲ್ಲಿ ಗಾಲಿಕುರ್ಚಿಯೂ ನಿಲ್ಲುವಷ್ಟು ಜಾಗ ಕತ್ತರಿಸಬೇಕು. ಈ ವಾರ ಮತ್ತೆ ಮಂಡ್ಯಕ್ಕೆ ಹೋಗುತ್ತಿದ್ದೇನೆ. ಈ ಸಲ ಕುರ್ಚಿ ಹಾಕುವುದು ಫುಟ್‌ಪಾತ್ ಮೇಲೆ, ದಾಟಲು ಕಾಯುತ್ತಾ ನಿಂತವರ ಪಕ್ಕದಲ್ಲಿ.