ಅಪ್ಪನ ಪೆಟ್ಟಿಗೆಯಲ್ಲಿ ಸಿಕ್ಕ ಪಾಸ್

ಇವತ್ತು ಅಪ್ಪನ ಹಳೇ ಪೆಟ್ಟಿಗೆ ತೆಗೆದಾಗ 2019ರ ಲೋಕಸಭಾ ಚುನಾವಣೆಯ ಬೂತ್ ಏಜೆಂಟ್ ಪಾಸ್ ಸಿಕ್ಕಿತು. ಅಂಚೆಲ್ಲ ಬೆವರಿಗೆ ಹಳದಿಯಾಗಿದೆ. ಆ ಸಲ ಕಾಂಗ್ರೆಸ್ಸಿಗೆ ದೇಶದಲ್ಲಿ 52 ಸೀಟು, ನಮ್ಮ ರಾಜ್ಯದಲ್ಲಿ ಒಂದೇ ಒಂದು. ಯಾವತ್ತೂ ಸೋಲದ ಖರ್ಗೆಯವರೇ ಕಲಬುರಗಿಯಲ್ಲಿ ಸೋತರು, ಅಪ್ಪ ಅವತ್ತು ರಾತ್ರಿ ಊಟ ಮಾಡಲಿಲ್ಲ.

ಆಮೇಲೆ ರಾಹುಲ್ ರಾಜೀನಾಮೆ ಕೊಟ್ಟರು, ಸೋನಿಯಾ ಹಂಗಾಮಿ ಅಧ್ಯಕ್ಷರಾದರು, 2020ರಲ್ಲಿ ನಮ್ಮ ಮೊಯ್ಲಿಯವರೂ ಸೇರಿ 23 ನಾಯಕರು ಪೂರ್ತಿ ಸಮಯ ಕೊಡುವ ಅಧ್ಯಕ್ಷರು ಬೇಕು, ಪಕ್ಷದೊಳಗೆ ಚುನಾವಣೆ ನಡೆಸಿ ಅಂತ ಪತ್ರ ಬರೆದರೆ, ಪಕ್ಷದವರೇ ಎಷ್ಟೋ ಜನ ಅವರ ಮೇಲೆ ಮುಗಿಬಿದ್ದರು. ನನಗೆ ಈಗಲೂ ಬೇಜಾರು ಅದೇ. ಅದರಲ್ಲಿ ತಪ್ಪೇನಿತ್ತು? ಸೋತ ಮನೆಯಲ್ಲಿ ಬಾಯಿಬಿಟ್ಟು ಮಾತಾಡುವವರು ಬೇಕು ಅಲ್ವಾ.

ಪಕ್ಷದ ಅಧ್ಯಕ್ಷ ಸ್ಥಾನದ ಆ ಚುನಾವಣೆಗೆ 2022ರ ಅಕ್ಟೋಬರ್ ಬರಬೇಕಾಯಿತು. ಖರ್ಗೆಯವರಿಗೆ 7,897 ಮತ, ತರೂರ್‌ಗೆ 1,072. ಅಪ್ಪ ಟಿವಿ ಮುಂದೆ ಎದ್ದು ನಿಂತಿದ್ದರು.