ಗಡಿಯನ್ನು ಓದಿದ ಎರಡು ವರ್ಷ

ಗಡಿ ಅಧ್ಯಯನದಲ್ಲಿ ಸ್ನಾತಕೋತ್ತರ ಪದವಿ ಎಂದರೆ ನಕ್ಷೆ ಓದುವುದೇ ಎಂದು ನಮ್ಮ ಕಾಲೇಜಿನ ಕಿರಿಯರು ಕೇಳುತ್ತಾರೆ. ನಕ್ಷೆಯ ಪಾಠ ಬೇಗ ಮುಗಿಯುತ್ತದೆ. ಆಮೇಲೆ ಉಳಿಯುವುದು ಮೂರು ಪ್ರಶ್ನೆ: ಗೆರೆಯ ಆಚೆ ಅಧಿಕಾರ ಯಾರದು, ದುಡ್ಡು ಯಾರದು, ಅರ್ಜಿ ಯಾವ ಭಾಷೆಯಲ್ಲಿ?

ಈ ಪದವಿ ಶುರುವಾದದ್ದು 2017ರಲ್ಲಿ. ಜರ್ಮನಿಯ ಸಾರ್‌ಬ್ರ್ಯುಕೆನ್ ಮತ್ತು ಕೈಸರ್ಸ್‌ಲೌಟರ್ನ್, ಫ್ರಾನ್ಸಿನ ಮೆಸ್ (ಜರ್ಮನರ ಬಾಯಲ್ಲಿ ಮೆಟ್ಸ್), ಲಕ್ಸೆಂಬರ್ಗಿನ ಬೆಲ್ವಾಲ್ ಊರುಗಳ ವಿಶ್ವವಿದ್ಯಾಲಯಗಳು ಸೇರಿ ನಡೆಸುತ್ತವೆ. ನಾಲ್ಕು ಸೆಮಿಸ್ಟರ್, 120 ಕ್ರೆಡಿಟ್. ಒಂದು ಕ್ರೆಡಿಟ್ಟಿಗೆ 25ರಿಂದ 30 ಗಂಟೆಯ ದುಡಿಮೆ. ಪಾಠ ಜರ್ಮನ್, ಫ್ರೆಂಚ್, ಇಂಗ್ಲಿಷ್ ಮೂರರಲ್ಲೂ. ಇಂಗ್ಲಿಷ್ ಒಂದರಿಂದ ಸಾಗೀತು ಎಂಬ ಭರವಸೆ ಬೇಡ. ಮತ್ತೊಂದು ಭಾಷೆಯಾದರೂ ಬೇಕೇ ಬೇಕು, ಏಕೆಂದರೆ ಚರ್ಚೆಯಲ್ಲಿ ಪ್ರತಿಯೊಬ್ಬರೂ ತಮ್ಮ ನುಡಿಗೇ ಹೊರಳುತ್ತಾರೆ.

ಭಾಷೆಯೇ ಇಲ್ಲಿ ಪಠ್ಯವೂ ಹೌದು. ಜರ್ಮನ್ನಿನ 'ಗ್ರೆಂತ್ಸೆ' ಸ್ಲಾವಿಕ್ ನುಡಿಗಳಿಂದ ಎರವಲು ಬಂದದ್ದು. ಫ್ರೆಂಚಿನ 'ಫ್ರಾಂತಿಯೇರ್'ನ ಒಳಗೆ 'ಎದುರು' ಎಂಬ ಭಾವವಿದೆ, ಸೇನೆ ಮುಖಾಮುಖಿಯಾಗುವ ಜಾಗದ್ದು. ಕನ್ನಡಿಗರಿಗೆ ಇದು ಬೇಗ ಹಿಡಿಯುತ್ತದೆ: ಗಡಿ, ಎಲ್ಲೆ, ಮೇರೆ, ಸರಹದ್ದು ನಮ್ಮಲ್ಲೂ ಒಂದೇ ಅಲ್ಲ. 'ಸೀಮೆ'ಯಂತೂ ಗೆರೆಯೂ ಹೌದು, ಗೆರೆಯೊಳಗಿನ ನಾಡೂ ಹೌದು. ಸೀಮೆಎಣ್ಣೆಯಲ್ಲಿ ಗೆರೆಯಾಚೆಯ ನಾಡು. ಸೆಮಿನಾರಿಗೆ ಇಂಥ ಪದಗಳನ್ನು ಒಯ್ಯಿರಿ, ಅಲ್ಲಿ ಅವಕ್ಕೆ ಬೆಲೆಯಿದೆ.

ಅಧಿಕಾರದ ಪ್ರಶ್ನೆ ಆಸ್ಪತ್ರೆಯಲ್ಲಿ ಎಲ್ಲಕ್ಕಿಂತ ಸ್ಪಷ್ಟ. ಫ್ರಾನ್ಸಿನ ಫೋರ್ಬಾಕ್‌ನಲ್ಲಿ ಹೃದಯಾಘಾತವಾದವರಿಗೆ ಜರ್ಮನಿಯ ಫೋಲ್ಕ್ಲಿಂಗೆನ್‌ನ ಹೃದ್ರೋಗ ಕೇಂದ್ರ ಹತ್ತಿರ. ಆದರೆ ಆಂಬುಲೆನ್ಸ್ ಯಾರದು, ವಿಮೆ ಯಾವ ದೇಶದ್ದು, ವೈದ್ಯರ ಟಿಪ್ಪಣಿ ಯಾವ ಭಾಷೆಯದು? 2013ರಲ್ಲಿ ಹೃದ್ರೋಗಕ್ಕಷ್ಟೇ ಒಪ್ಪಂದವಾಯಿತು. 2019ರ ಮೋಸಾರ್ ಒಪ್ಪಂದ ಅದನ್ನು ಬೇರೆ ಚಿಕಿತ್ಸೆಗಳಿಗೂ ವಿಸ್ತರಿಸಿತು. ಸಹಿಗೆ ಯಾರು ಕೂರಬೇಕೆಂಬುದೇ ತೊಡಕು. ಜರ್ಮನಿಯಲ್ಲಿ ರಾಜ್ಯಕ್ಕೆ ಇರುವ ಎಷ್ಟೋ ಅಧಿಕಾರ ಫ್ರಾನ್ಸಿನಲ್ಲಿ ಪ್ಯಾರಿಸ್ಸಿನ ಕೈಯಲ್ಲಿದೆ. ಲಕ್ಸೆಂಬರ್ಗಿನಲ್ಲಿ ನೇರ ಮಂತ್ರಿಯೇ ಬರುತ್ತಾರೆ. ಸಮಾನ ಹುದ್ದೆಯವರು ಎದುರುಬದುರು ಕೂರುವುದೇ ಅಪರೂಪ, ಮಾತುಕತೆ ವರ್ಷಗಟ್ಟಲೆ ಎಳೆಯುವುದು ಇದರಿಂದಲೇ.

ಇದನ್ನು ಓದುವಾಗ ಕೇರಳ ಗಡಿಯ ತಲಪಾಡಿ ಕಣ್ಮುಂದೆ ಬರದೆ ಇರದು. 2020ರ ಮಾರ್ಚಿನಲ್ಲಿ ಕರ್ನಾಟಕ ಗಡಿರಸ್ತೆಗಳನ್ನು ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಆಚೆಯೇ ಉಳಿದರು. ವಿಷಯ ಸುಪ್ರೀಂ ಕೋರ್ಟಿಗೆ ಹೋದ ಮೇಲೆ, ಏಪ್ರಿಲಿನಲ್ಲಿ, ತುರ್ತು ರೋಗಿಗಳ ಸಾಗಾಟಕ್ಕೆ ನಿಯಮ ಹುಟ್ಟಿತು. ಅದೇ ಮಾರ್ಚ್ 16ರಂದು ಜರ್ಮನಿಯೂ ಫ್ರಾನ್ಸ್ ಗಡಿಯಲ್ಲಿ ತಪಾಸಣೆ ಹೇರಿತ್ತು, ಸಣ್ಣ ದಾರಿಗಳನ್ನು ಮುಚ್ಚಿತ್ತು. ಆದರೂ ಫ್ರಾನ್ಸಿಗೆ ತಾಗಿದ ಜರ್ಮನ್ ರಾಜ್ಯ ಸಾರ್‌ಲ್ಯಾಂಡಿನ ಆಸ್ಪತ್ರೆಗಳು ಫ್ರಾನ್ಸಿನ ಕೋವಿಡ್ ರೋಗಿಗಳನ್ನು ಸೇರಿಸಿಕೊಂಡವು. ಮೊದಲೇ ಇದ್ದ ಒಡನಾಟ ಕಷ್ಟಕಾಲದಲ್ಲಿ ಕೆಲಸಕ್ಕೆ ಬಂತು ಎಂದೇ ನನ್ನ ಎಣಿಕೆ. ನಮ್ಮ ಕರಾವಳಿಗೂ ಅಂಥದೊಂದು ಲಿಖಿತ ಒಪ್ಪಂದ ಬೇಕು.

ದುಡ್ಡಿನ ಲೆಕ್ಕದಲ್ಲಿ ಪ್ರಬಂಧಗಳು ಎಡವುತ್ತವೆ. ಲಕ್ಸೆಂಬರ್ಗಿಗೆ ನಿತ್ಯ ಗಡಿ ದಾಟಿ ದುಡಿಯಲು ಬರುವವರು 2 ಲಕ್ಷಕ್ಕೂ ಹೆಚ್ಚು. ಅವರ ದುಡಿಮೆ ದೇಶದ ಉತ್ಪನ್ನದಲ್ಲಿ ಸೇರುತ್ತದೆ, ಅವರು ಜನಸಂಖ್ಯೆಯಲ್ಲಿ ಸೇರುವುದಿಲ್ಲ. ತಲಾ ಉತ್ಪನ್ನ ಉಬ್ಬುತ್ತದೆ. ಕಾರ್ಮಿಕರನ್ನು ಒಂದು ದೇಶ ವಾಸದ ಊರಿನಲ್ಲಿ ಎಣಿಸಿದರೆ ಇನ್ನೊಂದು ಕೆಲಸದ ಊರಿನಲ್ಲಿ. ಎರಡನ್ನೂ ಒಂದೇ ಪಟ್ಟಿಗೆ ಸೇರಿಸಿದವರ ಅಧ್ಯಾಯ ಅಲ್ಲೇ ಕುಸಿಯುತ್ತದೆ. ಪಟ್ಟಿ ಮಾಡುವ ಮುನ್ನ ವ್ಯಾಖ್ಯೆ ನೋಡಿ. ಇಂಟರ್‌ರೆಗ್ (ಗಡಿಯಾಚೀಚೆಯ ಸಹಕಾರಕ್ಕೆ ಯುರೋಪಿಯನ್ ಒಕ್ಕೂಟದ ನಿಧಿ) ಯೋಜನೆಗಳನ್ನು ಅಧ್ಯಯನಕ್ಕೆ ಎತ್ತಿಕೊಂಡರೆ ಇನ್ನೊಂದು ಮಾತು: ಪಾಲುದಾರರು ಮೊದಲು ಖರ್ಚು ಮಾಡಬೇಕು, ಹಣ ಆಮೇಲೆ ಮರಳುತ್ತದೆ. ಸಣ್ಣ ಸಂಘಗಳು ಹಿಂದೆ ಸರಿಯಲು ಇದೂ ಕಾರಣ.

ಇನ್ನು ಹೋಗುವವರಿಗೆ. ಜರ್ಮನಿಯಲ್ಲಿ ಚಳಿಗಾಲದ ಪಾಠ ಅಕ್ಟೋಬರ್ ಮಧ್ಯದಲ್ಲಿ, ಫ್ರಾನ್ಸ್, ಲಕ್ಸೆಂಬರ್ಗಿನಲ್ಲಿ ಸೆಪ್ಟೆಂಬರಿನಲ್ಲಿ ಶುರು. ಮನೆ ಬಾಡಿಗೆಯ ಕರಾರು ಮಾಡುವ ಮುನ್ನ ಇದನ್ನು ಗಮನಿಸಿ. ಅಂಕಗಳು ಮೊದಲಿಗೆ ದಿಗಿಲು ಹುಟ್ಟಿಸುತ್ತವೆ: ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಪಾಸ್, ಫ್ರಾನ್ಸಿನಲ್ಲಿ 20ಕ್ಕೆ 10 ಪಾಸ್, 14 ಒಳ್ಳೆಯ ಅಂಕ. ಅದನ್ನು ಶೇ. 70 ಎಂದು ಬರೆದುಕೊಂಡು ಕುಗ್ಗಬೇಡಿ. ಲಕ್ಸೆಂಬರ್ಗಿನೊಳಗೆ 2020ರಿಂದ ಬಸ್ಸು, ಎರಡನೇ ದರ್ಜೆಯ ರೈಲು ಉಚಿತ. ಆದರೆ ಮೆಸ್ ಕಡೆಗೆ ಹೊರಟರೆ ಗಡಿಯಿಂದಾಚೆಯ ಟಿಕೆಟ್ ಹತ್ತುವ ಮುನ್ನವೇ ಕೈಯಲ್ಲಿರಬೇಕು.

ಭಾರತದ ಪಾಸ್‌ಪೋರ್ಟಿನವರಿಗೆ ಇನ್ನೂ ಒಂದು. ಒಂದು ದೇಶದ ವಿದ್ಯಾರ್ಥಿ ವಾಸಪರವಾನಗಿಯಿದ್ದರೆ ಉಳಿದ ಷೆಂಗೆನ್ ದೇಶಗಳಲ್ಲಿ (ತಮ್ಮ ನಡುವಿನ ಗಡಿಯಲ್ಲಿ ಮಾಮೂಲಿ ತಪಾಸಣೆ ತೆಗೆದ ಯುರೋಪಿನ ದೇಶಗಳು) ಯಾವುದೇ 180 ದಿನಗಳಲ್ಲಿ 90 ದಿನ ಓಡಾಡಬಹುದು. ಓಡಾಟವೇ ಬೇರೆ, ಕೆಲಸವೇ ಬೇರೆ. ಜರ್ಮನಿಯ ಪರವಾನಗಿ ಹಿಡಿದು ಲಕ್ಸೆಂಬರ್ಗಿನಲ್ಲಿ ಇಂಟರ್ನ್‌ಶಿಪ್ ಸಿಕ್ಕಿದರೆ, ಅಲ್ಲಿನ ಅನುಮತಿ ಬೇಕೇ ಎಂದು ಎರಡೂ ವಿಶ್ವವಿದ್ಯಾಲಯಗಳ ಕಚೇರಿಯಲ್ಲಿ ಬರವಣಿಗೆಯಲ್ಲೇ ಕೇಳಿ, ಉತ್ತರ ಬಂದ ಮೇಲೆಯೇ ಸಹಿ ಹಾಕಿ.