ಗಂಟು ಹಾಕಿದ ಹಗ್ಗ

ನವನಗರ, ಬಾಗಲಕೋಟೆ
21 ಫೆಬ್ರವರಿ 2026, ಶನಿವಾರ ರಾತ್ರಿ

ಹಲಗಿ ಬಾರಿಸಿ ಬಂದ ಕೈ ಇನ್ನೂ ಜುಮ್ ಅಂತಿದೆ. ಎರಡು ರೊಟ್ಟಿ ತಿಂದೆ. ಅವ್ವ, ಅಪ್ಪ ಮಲಗಿದ್ದಾರೆ. ನನಗೆ ಮಾತ್ರ ನಿದ್ದೆ ಬರುತ್ತಿಲ್ಲ. ಮುಂಜಾನೆ ಬಂದ ಅಜ್ಜ ತಲೆಯಿಂದ ಹೋಗುತ್ತಿಲ್ಲ.

ಆಫೀಸಿನಲ್ಲಿ ನಾನೊಬ್ಬನೇ ಇದ್ದೆ. ಹನ್ನೊಂದರ ಸುಮಾರಿಗೆ ಮೊಮ್ಮಗನ ಬೈಕಿನಿಂದ ಇಳಿದು ಬಂದರು. ಧೋತರ, ರುಮಾಲು, ಬಗಲಲ್ಲಿ ಕೈಚೀಲ. ಬೀಳಗಿ ಕಡೆ ಹೊಳೆದಂಡೆಯ ಊರು. ಆಲಮಟ್ಟಿ ಅಣೆಕಟ್ಟಿನ ನೀರು 519.60 ಮೀಟರಿನಿಂದ 524.256ಕ್ಕೆ ಏರಿದರೆ ಅವರ ಊರೂ ಮುಳುಗುತ್ತದೆ. ಏರಿಸಬಹುದು ಅಂತ ಕೃಷ್ಣಾ ಜಲವಿವಾದ ನ್ಯಾಯಮಂಡಳಿ ಹೇಳಿದ್ದು 2010ರಲ್ಲಿ. ನಾನಾಗ ಐದನೇ ಕ್ಲಾಸು. ಅಲ್ಲಿಂದ ಇಲ್ಲಿಯವರೆಗೆ ಆ ಊರಿನವರು ಮನೆಗೆ ಸುಣ್ಣ ಹಚ್ಚಬೇಕೋ ಬೇಡವೋ ಅಂತಲೇ ವರ್ಷ ಕಳೆದಿದ್ದಾರೆ. ಕಾಗದದ ಮೇಲೆ ಅದು ನಾಲ್ಕೂವರೆ ಮೀಟರ್ ಚಿಲ್ಲರೆ. ನಾನು ನಕ್ಷೆ ಬರೆಯುವ ಮನೆಗಳ ಲೆಕ್ಕದಲ್ಲಿ ಒಂದೂವರೆ ಅಂತಸ್ತು.

"ನಕ್ಷೆ ಬರಿಯಾಂವ ನೀನ ಏನು ತಮ್ಮಾ?"

"ಹೌದ್ರಿ ಅಜ್ಜಾರ, ಕುಂದರ್ರಿ."

ಕೂರಲಿಲ್ಲ. ಚೀಲದಿಂದ ಪುಂಡಿ ಹಗ್ಗದ ಒಂದು ಸುರುಳಿ ತೆಗೆದರು. ನಡುನಡುವೆ ಗಂಟು. ಗಂಟಿಗೊಂದು ಬಟ್ಟೆ ಚೂರು. ಹಸಿರು, ಕೆಂಪು, ಹಳದಿ. ಹಳೇ ಸೀರೆಗಳಿಂದ ಹರಿದದ್ದು ಅನ್ನಿಸುತ್ತೆ.

"ಇದ ನೋಡು ನಮ್ಮ ಮನಿ," ಅಂದರು.

ಮೊಮ್ಮಗ ಒಂದು ತುದಿಯನ್ನು ಗೋಡೆಗೆ ಹಿಡಿದ. ಅಜ್ಜ ಬಿಚ್ಚುತ್ತಾ ಹಿಂದೆ ಹಿಂದೆ ಹೋದರು. "ತಲಬಾಗಿಲದಿಂದ ಈ ಹಸರ ಗಂಟಿನ ತನಕ ದನಾ ಕಟ್ಟೂ ಜಾಗ. ಇಲ್ಲಿಂದ ಪಡಸಾಲಿ. ಕೆಂಪಿಗೆ ಅಡಗಿಮನಿ ಹತ್ತತೈತಿ. ಹಳದಿಗೆ ದೇವರ ಕೋಲಿ." ಆಫೀಸು ಮುಗಿಯಿತು, ಹಗ್ಗ ಮುಗಿಯಲಿಲ್ಲ. ಬಾಗಿಲು ತೆಗೆದೆ. ಮೆಟ್ಟಿಲು ಇಳಿದು ರಸ್ತೆಯ ಅಂಚಿಗೆ ಹೋಗಿ ನಿಂತರು. ಟೇಪು ಹಿಡಿದೆ. 57 ಅಡಿ.

ಮೊಮ್ಮಗ ಕೊಂಡಿರುವ ಜಾಗ 30 x 40. ಸುತ್ತ ಬಿಡುವುದು ಬಿಟ್ಟರೆ ಉಳಿಯುವುದು ಎಷ್ಟು ಅಂತ ಅವನಿಗೂ ಗೊತ್ತು, ನನಗೂ ಗೊತ್ತು. ಇಬ್ಬರೂ ಸುಮ್ನೆ ನಿಂತೆವು. ಅಜ್ಜನಿಗೂ ತಿಳಿಯಿತು. ಅಲ್ಲೇ ರಸ್ತೆಯ ಬದಿಗೆ ಕುಕ್ಕರಗಾಲಲ್ಲಿ ಕೂತು ಹಸಿರು ಗಂಟು ಬಿಚ್ಚತೊಡಗಿದರು. ಗಂಟು ಬಿಗಿಯಾಗಿತ್ತು. ಹಲ್ಲಿನಿಂದ ಎಳೆದರು. "ದನಾ ಹ್ಯಾಂಗೂ ಮಾರೇವಿ," ಅಂದರು. ಆಮೇಲೆ ಹಳದಿ. "ದೇವರು ಅಡಗಿಮನಿ ಮೂಲ್ಯಾಗ ಕುಂದರ್ತಾನ ಬಿಡು." ನಾನು ಎಷ್ಟೋ ಜನರಿಗೆ ನಕ್ಷೆ ಬರೆದುಕೊಟ್ಟಿದ್ದೇನೆ. ಒಬ್ಬರು ತಮ್ಮ ಮನೆಯನ್ನು ಕೈಯಾರೆ ಹೀಗೆ ಬಿಚ್ಚುವುದನ್ನು ನೋಡಿರಲಿಲ್ಲ.

ಒಂದು ಮಾತ್ರ ಬಿಡಲಿಲ್ಲ. ಬೆಳಕಿಂಡಿ.

"ಪಡಸಾಲಿ ಮ್ಯಾಲ ಬೆಳಕಿಂಡಿ ಬೇಕು. ಬಿಸಲು ಕುಟ್ಟೂ ಒಳ್ಳಿನ ಮ್ಯಾಲ ಬಂತಂದ್ರ ಬುತ್ತಿ ಕಟ್ಟೂ ಹೊತ್ತು. ಇವನ ಅಜ್ಜಿ ಇವತ್ತಿಗೂ ಹಂಗ ಹೊತ್ತು ನೋಡ್ತಾಳ. ಒಳ್ಳು ಕಿತ್ತಗೊಂಡು ಬರ್ತೀವಿ. ಬಿಸಲು ನೀ ತಂದುಕೊಡು."

ಹೂಂ ಅಂದುಬಿಟ್ಟೆ.

ನಮ್ಮ ಮನೆಗೆ ಹಗ್ಗ ಹಿಡಿದವರು ಯಾರೂ ಇಲ್ಲ. ಹಳೇ ಬಾಗಲಕೋಟೆಯ ಕಿಲ್ಲಾ ಓಣಿಯಲ್ಲಿ ಅಪ್ಪ ಹುಟ್ಟಿದ ಮನೆ ಇದೇ ಆಲಮಟ್ಟಿಯ ನೀರಿಗೆ ಹೋಯಿತು, ನನಗೆ ಬರೀ ಮಾತಿನಲ್ಲಿ ಗೊತ್ತು. ಪಡಸಾಲಿಯಲ್ಲಿ ಒಂದೇ ಪಂಕ್ತಿಗೆ ನೂರು ಎಲೆ ಹಾಕುತ್ತಿದ್ದರು ಅಂತ ಅಪ್ಪ. ಅರವತ್ತು ಅಂತ ದೊಡ್ಡಪ್ಪ. ಯಾರದ್ದು ಸರಿ ಅಂತ ಅಳೆದು ನೋಡಲು ಈಗ ಏನಿದೆ? ಬರುವಾಗ ತಂದ ತಲಬಾಗಿಲ ಚೌಕಟ್ಟು ಇಲ್ಲಿನ ಮನೆಗೆ ದೊಡ್ಡದಾಯಿತು. ಟೆರೇಸಿನ ಮೇಲೆ ತಗಡಿನ ಕೆಳಗೆ ಇದೆ. ಪ್ರತಿ ದೀಪಾವಳಿಗೆ ಅವ್ವ ಅದಕ್ಕೆ ಎಣ್ಣೆ ಹಚ್ಚುತ್ತಾಳೆ.

ಸಂಜೆ ಹಳೇ ಊರಿಗೆ ಹೋಗಿದ್ದೆ. ಶಿವರಾತ್ರಿ ಮುಗಿದು ವಾರವಾಯಿತು, ಹೋಳಿ ಹುಣ್ಣಿಮೆ ಮಾರ್ಚ್ 3ಕ್ಕೆ. ಹುಡುಗರು ಕಾಗದ, ಕಟ್ಟಿಗೆ ಚೂರು ಸುಟ್ಟು ಹಲಗಿ ಕಾಯಿಸುತ್ತಿದ್ದರು. ಚರ್ಮ ಬಿಗಿಯಾಗುವ ಹೊತ್ತಿಗೆ ಬರುವ ಆ ಸುಟ್ಟ ವಾಸನೆ ನನಗೆ ತುಂಬಾ ಇಷ್ಟ. ಬಲಗೈಯ ದಪ್ಪ ಕೋಲು ಮಾತು ಕೇಳುತ್ತೆ. ಎಡಗೈಯ ಸಣ್ಣ ಕಡ್ಡಿ ಇನ್ನೂ ಪಳಗಬೇಕು. ಈ ವರ್ಷ ಬಣ್ಣದ ಬಂಡಿಯ ಮುಂದೆ ಬಾರಿಸಲೇಬೇಕು ಅಂತ ದಿನಾ ಹೋಗುತ್ತಿದ್ದೇನೆ.

ನಡುವೆ ಹಿರಿಯ ಕಾಕಾ ಒಬ್ಬರು ನನ್ನ ಕೈ ನೋಡುತ್ತಾ ನಿಂತರು. "ಯಾವ ಓಣಿಯಂವಪಾ?" ಅಂದರು. ಸೆಕ್ಟರ್ ನಂಬರ್ ಹೇಳಿದೆ.

"ಇರೂದು ಎಲ್ಲಿ ಅಂತ ಕೇಳಲಿಲ್ಲ ನಾ. ಓಣಿ ಯಾವುದು?"

"ಕಿಲ್ಲಾರೀ ಕಾಕಾ."

"ಹಂಗ ಹೇಳು ಮತ್ತ," ಅಂತ ನನ್ನ ಎಡಗೈ ಹಿಡಿದು ಕಡ್ಡಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದರು. ಅಷ್ಟೇ. ಪೆಟ್ಟು ಸರಿ ಬೀಳತೊಡಗಿತು. ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ. ವರ್ಷವಿಡೀ ನಂಬರಿನ ಮನೆಗಳಲ್ಲಿ ಇರುವವರು ಈ ದಿನಗಳಲ್ಲಿ ತಮ್ಮ ತಮ್ಮ ಪೇಟೆಗೆ ಬಂದು ನಿಲ್ಲುತ್ತಾರೆ. ಅಜ್ಜನ ಊರಿನವರು ಹಾಗೆ ಬಂದು ನಿಲ್ಲಲು ಒಂದು ಓಣಿಯಾದರೂ ಉಳಿಯುತ್ತಾ?

ಈಗ ಹನ್ನೊಂದೂವರೆ. ಲ್ಯಾಪ್‌ಟಾಪ್‌ನಲ್ಲಿ ಅವರ ನಕ್ಷೆಯೇ ತೆರೆದಿದೆ. ಬೆಳಕಿಂಡಿ ಹಾಕುವುದು ಸುಲಭ, ಸ್ಲ್ಯಾಬಿನಲ್ಲಿ ಎರಡು ಅಡಿ ಬಿಟ್ಟು ಗಾಜು ಕೂರಿಸಿದರೆ ಆಯಿತು. ಕಷ್ಟ ಇರುವುದು ಒಳ್ಳಿನ ಜಾಗದಲ್ಲಿ. ನಮ್ಮ ಊರು 16 ಡಿಗ್ರಿ ಅಕ್ಷಾಂಶದಲ್ಲಿದೆ. ಮೇ ಮೊದಲ ವಾರ ನಡುಹಗಲಿನ ಸೂರ್ಯ ನೆತ್ತಿಯ ಮೇಲೆ, ಬೆಳಕು ಕಿಂಡಿಯ ನೇರ ಕೆಳಗೇ ಬೀಳುತ್ತೆ. ಡಿಸೆಂಬರಿನಲ್ಲಿ ಹಾಗಲ್ಲ. ಹತ್ತು ಅಡಿ ಎತ್ತರದಿಂದ ಬಿದ್ದ ಬೆಳಕು ಎಂಟು ಅಡಿ ಉತ್ತರಕ್ಕೆ ಹೋಗಿರುತ್ತೆ. ಅಜ್ಜಿ ಹೊತ್ತು ನೋಡುವುದು ಯಾವ ತಿಂಗಳ ಬಿಸಿಲಲ್ಲಿ? ಮುಂಗಾರಿನ ಬುತ್ತಿಗೋ, ಹಿಂಗಾರಿ ಜೋಳದ ಸುಗ್ಗಿಯ ಬುತ್ತಿಗೋ? ನಾನು ಕೇಳಲೇ ಇಲ್ಲ. ನಾಳೆ ಫೋನ್ ಮಾಡಿ ಅಜ್ಜಿಯನ್ನೇ ಕೇಳಬೇಕು. ಸುಗ್ಗಿಯದ್ದಾದರೆ ಒಳ್ಳು ಉತ್ತರದ ಗೋಡೆಗೆ ಹತ್ತಿ ಬರುತ್ತೆ, ಆ ಗೋಡೆಗೆ ಮೊಮ್ಮಗ ಟಿವಿ ಅಂದಿದ್ದಾನೆ, ಹಾಗಿದ್ದರೆ ಬಾಗಿಲನ್ನೇ ಒಂದೂವರೆ ಅಡಿ ಈ ಕಡೆ